ವಿಧಾನಸಭೆ ಬಲಾಬಲ: 135, 136, 137 ಇದರಲ್ಲಿ ಯಾವುದು ಬರೀಬೇಕು?

ಹರಿಹರದ ಓದುಗ
ಎಲ್ಲರಿಗೂ ನಮಸ್ಕಾರ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಮಕ್ಕಳಿಗೆ ಅಂತ ಗ್ರಂಥಾಲಯದಲ್ಲಿ ಗೋಡೆಪಟ ಮಾಡ್ತಿದೀವಿ. ವಿಷಯ: ಕರ್ನಾಟಕ ವಿಧಾನಮಂಡಲ, ಯಾರು ಯಾವ ಹುದ್ದೆಯಲ್ಲಿ, ಯಾವ ಪಕ್ಷಕ್ಕೆ ಎಷ್ಟು ಸ್ಥಾನ. ಒಂದು ಗೈಡಲ್ಲಿ ಕಾಂಗ್ರೆಸ್ 135, ಇನ್ನೊಂದರಲ್ಲಿ 136. ಪೇಪರ್ ಕಟಿಂಗ್ ತೆಗೆದರೆ ಒಂದರಲ್ಲಿ 134, ಮತ್ತೊಂದರಲ್ಲಿ 137. ಬಿಜೆಪಿಗೆ 63, 65, 66, 67 ನಾಲ್ಕೂ ಸಿಕ್ಕಿವೆ. ಯಾವುದು ಸರಿ? ತಪ್ಪು ಅಂಕಿ ಗೋಡೆ ಮೇಲೆ ಹೋದರೆ ಮಕ್ಕಳು ಅದನ್ನೇ ಪರೀಕ್ಷೇಲಿ ಬರೆದು ಬರ್ತಾರೆ. ತಿಳಿದವರು ದಯವಿಟ್ಟು ಹೇಳಿ.

ನಂಜನಗೂಡು
135, 66, 19. ಬರೀರಿ, ಮುಗೀತು.

ಕಲಂ 189
ಮುಗಿಯೋದಿಲ್ಲ ಸ್ವಾಮಿ. ಅದು 2023ರ ಮೇ 13ರ ಫಲಿತಾಂಶ, ಅವತ್ತಿಗೆ ಸರಿ. ಪೂರ್ತಿ ಬರೆದರೆ ಹೀಗೆ: ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಕಲ್ಯಾಣ ರಾಜ್ಯ ಪ್ರಗತಿ ಪಕ್ಷ 1 (ಗಂಗಾವತಿ), ಸರ್ವೋದಯ ಕರ್ನಾಟಕ ಪಕ್ಷ 1 (ಮೇಲುಕೋಟೆ), ಪಕ್ಷೇತರರು 2 (ಹರಪನಹಳ್ಳಿ, ಗೌರಿಬಿದನೂರು). ಕೂಡಿದರೆ 224.

ಹರಿಹರದವರೇ, ನಿಮ್ಮ ಕೈಯಲ್ಲಿರೋ ಅಂಕಿಗಳಲ್ಲಿ ಹೆಚ್ಚಿನವು ಸರಿಯೇ. ಬೇರೆ ಬೇರೆ ತಾರೀಕಿನವು, ಅಷ್ಟೇ. ತಾರೀಕು ಇಲ್ಲದ ಬಲಾಬಲ ಪಟ್ಟಿ ಯಾವುದಕ್ಕೂ ಬಾರದು.

ಸುರಪುರ ಸೀಮೆ
ಹೌದ್ರೀ, ತಾರೀಕೇ ಮುಖ್ಯ. ಒಂದೊಂದಾಗಿ ಹೇಳ್ತೀನಿ, ಬರಕೊಳ್ರಿ.

2024ರ ಫೆಬ್ರುವರಿ 25: ನಮ್ಮ ಶಾಸಕ ರಾಜಾ ವೆಂಕಟಪ್ಪ ನಾಯಕರು ತೀರಿಕೊಂಡ್ರು. ಕಾಂಗ್ರೆಸ್ 134, ಸಭೆ 223.

ಅದೇ ವರ್ಷ ಮಾರ್ಚ್ 25: ಗಂಗಾವತಿಯ ಜನಾರ್ದನ ರೆಡ್ಡಿಯವರು ತಮ್ಮ ಪಕ್ಷಾನ ಬಿಜೆಪಿ ಜೊತೆ ವಿಲೀನ ಮಾಡಿದ್ರು. ಬಿಜೆಪಿ 67.

ಜೂನ್ 4: ಇಲ್ಲಿನ ಉಪಚುನಾವಣೆ ಫಲಿತಾಂಶ. ರಾಜಾ ವೇಣುಗೋಪಾಲ ನಾಯಕ ಗೆದ್ರು, ಕಾಂಗ್ರೆಸ್ ಮತ್ತ 135.

ಅದೇ ದಿನ ಮೂವರು ಶಾಸಕರು ಲೋಕಸಭೆಗೂ ಗೆದ್ರು. ಮಂಡ್ಯದಿಂದ ಕುಮಾರಸ್ವಾಮಿ, ಹಾವೇರಿಯಿಂದ ಬೊಮ್ಮಾಯಿ, ಬಳ್ಳಾರಿಯಿಂದ ತುಕಾರಾಂ. ಮೂವರೂ ಶಾಸಕ ಸ್ಥಾನ ಬಿಟ್ಟ ಮ್ಯಾಲ ಕಾಂಗ್ರೆಸ್ 134, ಬಿಜೆಪಿ 66, ಜೆಡಿಎಸ್ 18, ಸಭೆ 221.

ನವೆಂಬರ್ 23: ಚನ್ನಪಟ್ಟಣ, ಶಿಗ್ಗಾಂವಿ, ಸಂಡೂರು ಮೂರೂ ಕಾಂಗ್ರೆಸ್‌ಗೆ. 137. ಸಭೆ ಮತ್ತ ಭರ್ತಿ 224.

ನಂಜನಗೂಡು
ಹಾಗಾದ್ರೆ 137 ಅಂತ ಬರೀಲಿ. ಕೊನೇದು ಅದೇ ತಾನೇ?

ಸುರಪುರ ಸೀಮೆ
ಅದೂ ಕೊನೀದಲ್ರೀ. 2025ರ ನವೆಂಬರ್‌ನಾಗ ಬಾಗಲಕೋಟೆಯ ಎಚ್.ವೈ. ಮೇಟಿ, ಡಿಸೆಂಬರ್‌ನಾಗ ದಾವಣಗೆರೆ ದಕ್ಷಿಣದ ಶಾಮನೂರು ಶಿವಶಂಕರಪ್ಪ ತೀರಿಕೊಂಡ್ರು. ಇಬ್ಬರೂ ಕಾಂಗ್ರೆಸ್. 2025 ಮುಗಿಯೋ ಹೊತ್ತಿಗೆ ಮತ್ತ 135, ಆದರ ಸಭೆ 222.

ಕಲಂ 189
ಮಕ್ಕಳಿಗೆ ಇದನ್ನೇ ತೋರಿಸಿಕೊಡಬೇಕು. 2023ರ ಮೇ ತಿಂಗಳಲ್ಲೂ 135, 2025ರ ಕೊನೆಗೂ 135. ಎರಡೂ ಒಂದೇ 135 ಅಲ್ಲ. ಮೊದಲನೆಯದರಲ್ಲಿ ಚನ್ನಪಟ್ಟಣ, ಶಿಗ್ಗಾಂವಿ ಇರಲಿಲ್ಲ. ಎರಡನೆಯದರಲ್ಲಿ ಬಾಗಲಕೋಟೆ, ದಾವಣಗೆರೆ ದಕ್ಷಿಣ ಇಲ್ಲ. ಮೊದಲನೆಯದು 224ರಲ್ಲಿ, ಎರಡನೆಯದು 222ರಲ್ಲಿ. ಹೀಗಾಗಿ ‘ಎಷ್ಟು’ ಅಂತ ಬರೆದ ಕಡೆಯೆಲ್ಲ ‘ಎಷ್ಟರಲ್ಲಿ’, ‘ಯಾವತ್ತು’ ಎರಡನ್ನೂ ಬರೀಬೇಕು.

ಹರಿಹರದ ಓದುಗ
ತುಂಬಾ ಉಪಕಾರ ಆಯ್ತು. 136 ಎಲ್ಲಿಂದ ಬಂತು ಅನ್ನೋದು ಮಾತ್ರ ಇನ್ನೂ ತಿಳೀಲಿಲ್ಲ.

ಮೇಲುಕೋಟೆ ಪುಳಿಯೋಗರೆ
ಅದು ನಮ್ಮ ಕ್ಷೇತ್ರದ್ದು ಕಣ್ರೀ. 2023ರಲ್ಲಿ ಕಾಂಗ್ರೆಸ್ ನಿಲ್ಲಿಸಿದ್ದು 223 ಅಭ್ಯರ್ಥಿಗಳನ್ನ. ಮೇಲುಕೋಟೆ ಒಂದನ್ನ ರೈತಸಂಘದ ದರ್ಶನ್ ಪುಟ್ಟಣ್ಣಯ್ಯ ಅವರಿಗೆ ಬಿಟ್ಟುಕೊಡ್ತು. ಅವರು ಗೆದ್ದಿದ್ದು ಸರ್ವೋದಯ ಕರ್ನಾಟಕ ಪಕ್ಷದ ಹೆಸರಲ್ಲಿ. ಬೆಂಬಲಿಗರನ್ನೂ ಸೇರಿಸಿ ಎಣಿಸೋರು 136 ಅಂದ್ರು, ಚಿಹ್ನೆ ನೋಡಿ ಎಣಿಸೋರು 135 ಅಂದ್ರು. ಪಟದಲ್ಲಿ ಸರ್ವೋದಯಕ್ಕೆ ಬೇರೆ ಸಾಲು ಕೊಡಿ. ಬೆಂಬಲ ಕೊಟ್ಟ ಮಾತ್ರಕ್ಕೆ ಪಕ್ಷ ಬದಲಾಗಲ್ಲ.

ಕುಡ್ಲದ ಕಡಲು
ಬೆಂಬಲಿಗರನ್ನು ಸೇರಿಸಿ ಲೆಕ್ಕ ಹಾಕಿದರೆ ಏನಾಗ್ತದೆ ಅಂತ ನೋಡಬೇಕಾದರೆ 2024ರ ಫೆಬ್ರುವರಿ 27ರ ರಾಜ್ಯಸಭಾ ಚುನಾವಣೆ ನೋಡಿ ಮಾರಾಯ್ರೆ. ಅಷ್ಟು ಚಂದದ ಲೆಕ್ಕ ಬೇರೆ ಸಿಗ್ಲಿಕ್ಕಿಲ್ಲ.

ನಾಲ್ಕು ಸ್ಥಾನ, ಐದು ಅಭ್ಯರ್ಥಿಗಳು. ಎರಡು ದಿನ ಹಿಂದೆ ಸುರಪುರ ಖಾಲಿಯಾಗಿತ್ತು, ಅಂದರೆ ಮತದಾರರು 223. ಒಬ್ಬರು ಬರಲಿಲ್ಲ, ಬಿದ್ದ ಮತ 222. ಒಂದೊಂದು ಮತಕ್ಕೆ 100 ಮೌಲ್ಯ. 22,200ನ್ನು ಸ್ಥಾನಕ್ಕಿಂತ ಒಂದು ಹೆಚ್ಚು, ಅಂದರೆ 5ರಿಂದ ಭಾಗಿಸಿ, ಒಂದು ಕೂಡಿಸಿ: 4,441. 44 ಮತಕ್ಕೆ 4,400 ಮಾತ್ರ, ಸಾಲುವುದಿಲ್ಲ. ಹಾಗಾಗಿ ಮೊದಲ ಪ್ರಾಶಸ್ತ್ಯದಲ್ಲೇ ಗೆಲ್ಲಲು 45 ಬೇಕು.

ಕಾಂಗ್ರೆಸ್ಸಿಗೆ ಮೂರು ಜನ ಗೆಲ್ಲಬೇಕು, 45ರ ಮೂರರಷ್ಟು 135. ಕೈಯಲ್ಲಿದ್ದದ್ದು 134. ಒಂದೇ ಒಂದು ಕಮ್ಮಿ! ಬಿಜೆಪಿ ಜೆಡಿಎಸ್ ಒಟ್ಟು 85, ಎರಡು ಸ್ಥಾನಕ್ಕೆ 90 ಬೇಕು. ಉಳಿದ ನಾಲ್ವರು (ಪಕ್ಷೇತರ ಇಬ್ಬರು, ಗಂಗಾವತಿ, ಮೇಲುಕೋಟೆ) ಪೂರ್ತಿ ಅವರ ಕಡೆ ಹೋಗಿದ್ದರೂ 89. ಅಲ್ಲಿಯೂ ಒಂದು ಕಮ್ಮಿ.

ಆದದ್ದು: ಅಜಯ್ ಮಾಕನ್ 47, ನಾಸಿರ್ ಹುಸೇನ್ 47, ಜಿ.ಸಿ. ಚಂದ್ರಶೇಖರ್ 45. ಬಿಜೆಪಿಯ ನಾರಾಯಣಸಾ ಭಾಂಡಗೆ 47, ಜೆಡಿಎಸ್‌ನ ಕುಪೇಂದ್ರ ರೆಡ್ಡಿ 36. ಕಾಂಗ್ರೆಸ್ ಮೂವರದ್ದು ಕೂಡಿಸಿ: 139. ಅದು 134 ಮತ್ತು 4 ಮತ್ತು 1. ಆ ಒಂದು ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಅವರದ್ದು. ಬಾರದೇ ಉಳಿದವರು ಯಲ್ಲಾಪುರದ ಶಿವರಾಮ ಹೆಬ್ಬಾರ್. ಆಚೆ ಕಡೆ 47 ಮತ್ತು 36 ಸೇರಿ 83, ಅಂದರೆ 85ರಲ್ಲಿ ಈ ಇಬ್ಬರು ಕಡಿಮೆ. ಒಂದು ಮತವೂ ಆಚೀಚೆ ಆಗದೆ ಕೂಡ್ತದೆ.

ನಂಜನಗೂಡು
ಅಡ್ಡಮತ ಹಾಕಿದ್ರೆ ಶಾಸಕತ್ವ ಹೋಗಲ್ವಾ? ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ, ವಿಪ್ ಇರುತ್ತಲ್ಲ.

ಕಲಂ 189
ರಾಜ್ಯಸಭಾ ಚುನಾವಣೆಯಲ್ಲಿ ವಿಪ್ ಉಲ್ಲಂಘನೆ ಅಂತ ಅನರ್ಹತೆ ಬರೋದಿಲ್ಲ. ವಿಪ್ ಅನ್ವಯಿಸೋದು ಸದನದೊಳಗಿನ ಮತದಾನಕ್ಕೆ, ಇದು ಸದನದ ಕಲಾಪವಲ್ಲ. 2003ರ ತಿದ್ದುಪಡಿಯಿಂದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು, ಅದಕ್ಕೇ ಯಾರು ಯಾರಿಗೆ ಹಾಕಿದರು ಅಂತ ಗೊತ್ತಾಗೋದು. ಪಕ್ಷ ಶಿಸ್ತುಕ್ರಮ ತಗೋಬಹುದು. ಬಿಜೆಪಿ ಇವರಿಬ್ಬರನ್ನೂ 2025ರ ಮೇ ತಿಂಗಳಲ್ಲಿ ಆರು ವರ್ಷಕ್ಕೆ ಉಚ್ಚಾಟಿಸಿತು. ಅದಕ್ಕೂ ಮೊದಲು ಮಾರ್ಚ್‌ನಲ್ಲಿ ವಿಜಯಪುರ ನಗರದ ಯತ್ನಾಳ್ ಅವರನ್ನ. 63 ಅನ್ನೋ ಅಂಕಿ ಬಂದಿದ್ದು ಅಲ್ಲಿಂದ.

ಬೆಳವಲ
ಅಂದಮೇಲೆ ಬಿಜೆಪಿ 63, ಪಕ್ಷೇತರ 5 ಅಂತ ಬರೀಬೇಕು. ಉಚ್ಚಾಟನೆ ಆದ ಮೇಲೆ ಅವರು ಪಕ್ಷೇತರರೇ ಅಲ್ವಾ?

ಕಲಂ 189
ಅಲ್ಲ. ಬಹಳ ಜನ ಎಡವೋದು ಇಲ್ಲೇ. ಜಿ. ವಿಶ್ವನಾಥನ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಪಕ್ಷ ಹೊರಗೆ ಹಾಕಿದರೂ, ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧದ ನಿಯಮ) ಮಟ್ಟಿಗೆ ಶಾಸಕ ಯಾವ ಪಕ್ಷದ ಟಿಕೆಟ್ ಮೇಲೆ ಗೆದ್ದನೋ ಅದೇ ಪಕ್ಷದವನು. ಉಚ್ಚಾಟಿತನು ಬೇರೆ ಪಕ್ಷ ಸೇರಿದರೆ ‘ಸ್ವಇಚ್ಛೆಯಿಂದ ಸದಸ್ಯತ್ವ ಬಿಟ್ಟ’ ಅಂತಾಗಿ ಸ್ಥಾನ ಹೋಗುತ್ತೆ. ಪಕ್ಷೇತರ ಅಂದರೆ ಚುನಾವಣೆಗೆ ಪಕ್ಷೇತರನಾಗಿ ನಿಂತು ಗೆದ್ದವನು ಮಾತ್ರ.

ಬೆಳವಲ
ಆ ತೀರ್ಪನ್ನ ಆಮೇಲೆ ದೊಡ್ಡ ಪೀಠಕ್ಕೆ ಕಳಿಸಿದ್ರು. ಅಮರ್ ಸಿಂಗ್ ಪ್ರಕರಣ. ಅಲ್ಲಿ ಪ್ರಶ್ನೆ ಇನ್ನೂ ತೆರೆದೇ ಇದೆ.

ಕಲಂ 189
ಕಳಿಸಿದ್ದು ನಿಜ. 2016ರಲ್ಲಿ ಆ ಪೀಠ ಪ್ರಶ್ನೆಗೆ ಉತ್ತರ ಕೊಡದೆ ಪ್ರಕರಣ ಮುಗಿಸಿತು. ಉತ್ತರ ಕೊಡಲಿಲ್ಲ ಅಂದರೆ 1996ರ ತೀರ್ಪು ಬಿದ್ದುಹೋಯ್ತು ಅಂತಲ್ಲವಲ್ಲ.

ಬೆಳವಲ
ಅದನ್ನು ಒಪ್ಪುತ್ತೇನೆ. ಆದರೂ ‘ಬಿಜೆಪಿ 66’ ಅಂತ ಬರೆದು ಸುಮ್ಮನಾದರೆ ಓದೋ ಮಕ್ಕಳಿಗೆ ಮೋಸ. ಆ ಮೂವರು ಪಕ್ಷದ ಸಭೆಗೆ ಹೋಗೋದಿಲ್ಲ. ಕಾಗದದ ಮೇಲಿನ ಬಲ ಬೇರೆ, ಕೈ ಎತ್ತೋವಾಗಿನ ಬಲ ಬೇರೆ.

ಕುಡ್ಲದ ಕಡಲು
ಹಾಗಾದರೆ ‘66, ಇದರಲ್ಲಿ ಉಚ್ಚಾಟಿತರು 3’ ಅಂತ ಹಾಕಿ. ಇಬ್ಬರ ಮಾತೂ ಉಳೀತದೆ.

ಸಿರಿಗೆರೆ ಸಾಲು
ವಿಲೀನ, ಪಕ್ಷಾಂತರದ ಬಗ್ಗೆ ಒಂದು ಸಂಖ್ಯೆ ಸೇರಿಸಿಕೊಳ್ಳಿ, ಪರೀಕ್ಷೆಯಲ್ಲಿ ಕೇಳ್ತಾರೆ. ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಜನ ಒಪ್ಪಿದರೆ ಮಾತ್ರ ವಿಲೀನಕ್ಕೆ ರಕ್ಷಣೆ. ಮೂರನೇ ಒಂದರಷ್ಟು ಜನ ಒಡೆದುಹೋದರೂ ನಡೀತದೆ ಅನ್ನೋ ಹಳೇ ಅವಕಾಶವನ್ನು 2003ರ 91ನೇ ತಿದ್ದುಪಡಿ ತೆಗೆದುಹಾಕಿತು. ಜೆಡಿಎಸ್ 19 ಇದ್ದಾಗ 13 ಜನ ಬೇಕಿತ್ತು, 18ಕ್ಕೆ ಇಳಿದ ಮೇಲೆ 12 ಸಾಕು. ಬಿಜೆಪಿಯ 66ಕ್ಕೆ 44. ಒಬ್ಬರೇ ಇರೋ ಪಕ್ಷಕ್ಕೆ ಆ ಒಬ್ಬರೇ ಪೂರ್ತಿ ಪಕ್ಷ, ಗಂಗಾವತಿಯಲ್ಲಿ ಆದದ್ದು ಅದೇ.

ಒಬ್ಬರೇ ಇದ್ದರೆ ಸುಲಭ ಅಂತ ತಿಳೀಬೇಡಿ ಮತ್ತೆ. ಕಳೆದ ಸಭೆಯಲ್ಲಿ ರಾಣೆಬೆನ್ನೂರಿನ ಆರ್. ಶಂಕರ್ ಕೆಪಿಜೆಪಿಯ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) ಒಬ್ಬರೇ ಶಾಸಕ. 2019ರ ಜೂನ್‌ನಲ್ಲಿ ಕಾಂಗ್ರೆಸ್ ಜೊತೆ ವಿಲೀನ ಮಾಡಿದರು, ಮುಂದಿನ ತಿಂಗಳು ಆಗಿನ ಸರ್ಕಾರದ ವಿರುದ್ಧ ಎದ್ದ ಬಂಡಾಯಗಾರರ ಜೊತೆ ಹೋದರು, ಜುಲೈ 25ಕ್ಕೆ ಅನರ್ಹರಾದರು. ವಿಲೀನ ಆದ ಕ್ಷಣದಿಂದ ಹೊಸ ಪಕ್ಷದ ವಿಪ್ಪಿಗೆ ಬದ್ಧ.

ಪಕ್ಷೇತರರಿಗೆ ಆ ವಿಲೀನದ ದಾರಿಯೂ ಇಲ್ಲ. ಗೆದ್ದ ಮೇಲೆ ಯಾವ ಪಕ್ಷ ಸೇರಿದರೂ ಅನರ್ಹತೆ. ಬೆಂಬಲ ಕೊಡಬಹುದು, ಮಂತ್ರಿಯೂ ಆಗಬಹುದು. ಮುಳಬಾಗಿಲಿನ ಎಚ್. ನಾಗೇಶ್ ಪಕ್ಷೇತರರಾಗಿದ್ದೇ ಮಂತ್ರಿಯಾಗಿದ್ದರು.

ನಂಜನಗೂಡು
ಸರಿ. ಬಹುಮತ ಮಾತ್ರ 113. ಅದರಲ್ಲಿ ಜಗಳ ಇಲ್ಲವಲ್ಲ?

ಕುಡ್ಲದ ಕಡಲು
ಅದರಲ್ಲಿಯೂ ಉಂಟು.

ಕಲಂ 189
113 ಅನ್ನೋದು ಭರ್ತಿ ಸಭೆಗೆ. 2018ರಲ್ಲಿ ಜಯನಗರ, ರಾಜರಾಜೇಶ್ವರಿ ನಗರದ ಮತದಾನ ಮುಂದಕ್ಕೆ ಹೋಗಿ 222 ಸ್ಥಾನಕ್ಕಷ್ಟೇ ಫಲಿತಾಂಶ ಬಂದಿತ್ತು. ಅವತ್ತಿಗೆ ಬೇಕಿದ್ದದ್ದು 112. ಬಿಜೆಪಿ 104ರಲ್ಲಿ ನಿಂತಿತು. ಯಡಿಯೂರಪ್ಪ ಮೇ 17ಕ್ಕೆ ಪ್ರಮಾಣವಚನ ತಗೊಂಡು 19ಕ್ಕೆ ರಾಜೀನಾಮೆ ಕೊಟ್ಟರು.

ಇನ್ನು 2019ರ ಜುಲೈ 23. ಕುಮಾರಸ್ವಾಮಿಯವರ ಕಾಂಗ್ರೆಸ್, ಜೆಡಿಎಸ್ ಮೈತ್ರಿ ಸರ್ಕಾರದ ವಿಶ್ವಾಸಮತ. ಪರ 99, ವಿರುದ್ಧ 105. ಗಮನಿಸಿ, 105 ಕೂಡ 113 ಅಲ್ಲ! ಆದರೂ ಸರ್ಕಾರ ಬಿತ್ತು. ಸಂವಿಧಾನದ 189ನೇ ವಿಧಿ ಹೇಳೋದು ‘ಹಾಜರಿದ್ದು ಮತ ಹಾಕಿದವರ ಬಹುಮತ’ ಅಂತ, ಒಟ್ಟು ಸಂಖ್ಯೆಯ ಬಹುಮತ ಅಂತಲ್ಲ. ಮತ ಹಾಕಿದ್ದು 204. ಗೈರು 20: ಮೈತ್ರಿಕೂಟದ ಬಂಡಾಯಗಾರರು 15, ಬೇರೆ ಕಾಂಗ್ರೆಸ್ಸಿಗರು 2, ಬಿಎಸ್‌ಪಿಯ ಒಬ್ಬರು, ಇನ್ನಿಬ್ಬರು ಪಕ್ಷೇತರ ಮತ್ತು ಸಣ್ಣ ಪಕ್ಷದವರು. ಸಭಾಧ್ಯಕ್ಷರು ಒಬ್ಬರು. 204, 20, 1 ಕೂಡಿದರೆ 225.

ಬೆಳವಲ
225? 224 ಅಲ್ವಾ?

ಸಿರಿಗೆರೆ ಸಾಲು
ಆಗ ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬ ನಾಮನಿರ್ದೇಶಿತ ಸದಸ್ಯರು ಇದ್ದರು. 104ನೇ ತಿದ್ದುಪಡಿಯಿಂದ 2020ರ ಜನವರಿ 25ಕ್ಕೆ ಆ ಅವಕಾಶ ಮುಗೀತು. 2023ರ ಸಭೆಗೆ ಆ ಸ್ಥಾನ ಇಲ್ಲ. ಹಳೇ ಗೈಡುಗಳಲ್ಲಿ 225 ಅಂತ ಇದ್ದರೆ ಕಾರಣ ಇದು, ಮುದ್ರಣದೋಷ ಅಲ್ಲ.

ಸುರಪುರ ಸೀಮೆ
ಮುಂದಿನದೂ ಹೇಳಿಬಿಡ್ರಿ. ಆ ಗೈರಾದವರೊಳಗ 17 ಜನರನ್ನ ಆಗಿನ ಸಭಾಧ್ಯಕ್ಷ ರಮೇಶ್ ಕುಮಾರ್ ಅನರ್ಹ ಮಾಡಿದ್ರು: ಮೊದಲ ಮೂವರು, ಆಮ್ಯಾಲ 14. 225ರಾಗ 17 ಕಳದ್ರ 208, ಅದರ ಬಹುಮತ 105. ಬಿಜೆಪಿ ಒಂದೇ 105 ಇತ್ತು. ಅನರ್ಹತೆ ಅನ್ನೋದು ಬರೇ ಶಿಕ್ಷೆ ಅಲ್ಲ, ಬಹುಮತದ ಗೆರೀನ ಕೆಳಗ ಇಳಸ್ತದ. ಪಟದಾಗ ಅದನ್ನ ಬಾಣ ಹಾಕಿ ತೋರಸ್ರಿ. ಅದೇ ವರ್ಷ ನವೆಂಬರ್ 13ಕ್ಕ ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡೀತು, ಸಭೆಯ ಅವಧಿ ಮುಗಿಯೂತನಕ ಚುನಾವಣೆಗೆ ನಿಲ್ಲಬಾರದು ಅನ್ನೋದನ್ನ ಮಾತ್ರ ತೆಗೀತು. ಡಿಸೆಂಬರ್‌ನಾಗ 15 ಕ್ಷೇತ್ರಕ್ಕ ಉಪಚುನಾವಣೆ: ಬಿಜೆಪಿ 12, ಕಾಂಗ್ರೆಸ್ 2, ಹೊಸಕೋಟೆ ಪಕ್ಷೇತರ.

ಮಲೆನಾಡ ಮಳೆ
ಸಭಾಪತಿಗಳು ಮತ ಹಾಕೋ ಹಾಗಿಲ್ಲ ಅಂದ್ರೆ ಆಡಳಿತ ಪಕ್ಷಕ್ಕೆ ಯಾವಾಗಲೂ ಒಂದು ಕಡಿಮೆ ಅಂತಾಯ್ತಲ್ಲ.

ಕಲಂ 189
ಮೊದಲು ಪದ ಸರಿಮಾಡಿಕೊಳ್ಳೋಣ, ಗೋಡೆಪಟಕ್ಕೆ ಬೇಕಾಗುತ್ತೆ. ವಿಧಾನಸಭೆಗೆ ಸಭಾಧ್ಯಕ್ಷ, ಉಪಸಭಾಧ್ಯಕ್ಷ. ವಿಧಾನ ಪರಿಷತ್ತಿಗೆ ಸಭಾಪತಿ, ಉಪಸಭಾಪತಿ. ಪತ್ರಿಕೆಗಳು ವಿಧಾನಸಭೆಯವರನ್ನ ಸ್ಪೀಕರ್ ಅಂತಲೇ ಬರೀತವೆ, ಅದೂ ನಡೀತದೆ. ಸಭಾಪತಿ ಅಂತ ಮಾತ್ರ ಅವರಿಗೆ ಹೇಳಬಾರದು.

ನಿಮ್ಮ ಮಾತು ಸರಿ, ಒಂದು ಕಡಿಮೆಯೇ. ಸಮಸಮ ಬಂದಾಗ ಮಾತ್ರ ಅವರಿಗೆ ನಿರ್ಣಾಯಕ ಮತ. ತೆಳ್ಳಗಿನ ಬಹುಮತ ಇರುವ ಪಕ್ಷಕ್ಕೆ ತನ್ನವರನ್ನು ಆ ಕುರ್ಚಿಗೆ ಕಳಿಸೋದು ಅಂದರೆ ಒಂದು ಮತ ಕಳಕೊಂಡ ಹಾಗೆ.

ಹರಿಹರದ ಓದುಗ
2025ರ ಕೊನೆಗೆ ಇದ್ದ ಹಾಗೆ ಹುದ್ದೆಗಳ ಕಾಲಂ ಹೀಗೆ ಬರೆದಿದೀನಿ, ನೋಡಿ ಹೇಳಿ. ಮುಖ್ಯಮಂತ್ರಿ ಸಿದ್ದರಾಮಯ್ಯ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ (2023 ಮೇ 20). ಸಭಾಧ್ಯಕ್ಷ ಯು.ಟಿ. ಖಾದರ್ (2023 ಮೇ 24). ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿ (2023 ಜುಲೈ). ವಿರೋಧ ಪಕ್ಷದ ನಾಯಕ ಆರ್. ಅಶೋಕ (2023 ಮೇ).

ಕುಡ್ಲದ ಕಡಲು
ಕೊನೆಯದ್ದು ತಪ್ಪು. ಅಶೋಕ ಅವರ ಆಯ್ಕೆ ಆದದ್ದು 2023ರ ನವೆಂಬರ್ 17ಕ್ಕೆ. ಫಲಿತಾಂಶ ಬಂದು ಆರು ತಿಂಗಳು ಆ ಕುರ್ಚಿ ಖಾಲಿ ಇತ್ತು. ಜುಲೈ 7ರ ಬಜೆಟ್ಟು ವಿರೋಧ ಪಕ್ಷದ ನಾಯಕರೇ ಇಲ್ಲದೆ ಮಂಡನೆ ಆಯ್ತು. ಆ ಹುದ್ದೆ ಬರೀ ಮರ್ಯಾದೆಗೆ ಇರುವಂಥದ್ದಲ್ಲ. ಸಂಪುಟ ದರ್ಜೆ ಉಂಟು, ಮುಖ್ಯಮಂತ್ರಿಗೆ ಎದುರು ಉತ್ತರ ಕೊಡುವ ಮೊದಲ ಹಕ್ಕು ಅವರದ್ದು. ಹೊಸ ಸರ್ಕಾರದ ಮೊದಲ ಬಜೆಟ್ಟಿಗೆ ಅದು ಇಲ್ಲದ್ದು ಸಣ್ಣ ಲೋಪ ಅಲ್ಲ.

ಬೆಳವಲ
ಶಾಸಕರು ಅವರ ಪಾಡಿಗೆ ಮಾತಾಡಿದ್ರು. ನಾಯಕ ಇಲ್ಲ ಅಂತ ವಿರೋಧ ನಿಂತಿತ್ತಾ? ಅದೇ ಜುಲೈನಲ್ಲಿ ಬಿಜೆಪಿಯ ಹತ್ತು ಜನ ಅಮಾನತಾಗೋವಷ್ಟು ಗದ್ದಲ ಆಯ್ತು.

ಕುಡ್ಲದ ಕಡಲು
ಗದ್ದಲಕ್ಕೆ ನಾಯಕ ಬೇಡ ಮಾರಾಯ್ರೆ. ಬಜೆಟ್ ಅಂಕಿಯನ್ನು ಕೂತು ಬಿಡಿಸಿ ಕೇಳ್ಲಿಕ್ಕೆ ಬೇಕು.

ಸಿರಿಗೆರೆ ಸಾಲು
ಜೆಡಿಎಸ್‌ದೂ ಸೇರಿಸಿ. ಕುಮಾರಸ್ವಾಮಿ ಲೋಕಸಭೆಗೆ ಹೋದ ಮೇಲೆ ಶಾಸಕಾಂಗ ಪಕ್ಷದ ನಾಯಕರು ಚಿಕ್ಕನಾಯಕನಹಳ್ಳಿಯ ಸಿ.ಬಿ. ಸುರೇಶ್ ಬಾಬು. 2023ರ ಸೆಪ್ಟೆಂಬರ್‌ನಲ್ಲಿ ಎನ್‌ಡಿಎ ಸೇರಿದರೂ ಸದನದಲ್ಲಿ ಅವರದ್ದು ಬೇರೆ ಪಕ್ಷ, ಬೇರೆ ವಿಪ್. ಬಿಜೆಪಿ ಜೆಡಿಎಸ್ ಒಟ್ಟು ಸೇರಿಸಿ ಒಂದೇ ಸಾಲಲ್ಲಿ ಬರೀಬೇಡಿ.

ಮಲೆನಾಡ ಮಳೆ
ಮಂತ್ರಿಗಳ ಸಂಖ್ಯೆ 34 ಹೇಗೆ ಬಂತು ಅಂತಲೂ ಹಾಕಿ. 224ರ ಶೇ 15 ಅಂದರೆ 33.6. ಮುಖ್ಯಮಂತ್ರಿಯೂ ಸೇರಿ. ಮೇ 20ಕ್ಕೆ 10 ಜನ, 27ಕ್ಕೆ 24 ಜನ, ಅಲ್ಲಿಗೆ ಭರ್ತಿ. ಪರಿಷತ್ತಿನ 75 ಜನ ಈ ಲೆಕ್ಕಕ್ಕೆ ಬರೋದಿಲ್ಲ, ಅಲ್ಲಿಂದ ಮಂತ್ರಿ ಆದರೂ ಈ 34ರ ಒಳಗೇ.

ಬೆಳವಲ
ಶೇ 15 ‘ಮೀರಬಾರದು’ ಅಂತ ಇರೋದು. 34 ಅಂದರೆ ಮೀರಿದ ಹಾಗಲ್ವಾ?

ಮಲೆನಾಡ ಮಳೆ
ಅಪೂರ್ಣಾಂಕವನ್ನು ಮೇಲಕ್ಕೆ ತಗೊಳ್ಳೋದು ಇಲ್ಲಿನ ರೂಢಿ. ಪರಿಷತ್ತಿನ ಕಥೆಯೂ ಹಾಗೇ ಇದೆ ನೋಡಿ. 171ನೇ ವಿಧಿ ಪ್ರಕಾರ ಪರಿಷತ್ತು ವಿಧಾನಸಭೆಯ ಮೂರನೇ ಒಂದನ್ನು ಮೀರಬಾರದು. 225ರ ಮೂರನೇ ಒಂದು ಸರಿಯಾಗಿ 75. ನಾಮನಿರ್ದೇಶಿತ ಸ್ಥಾನ ಹೋದ ಮೇಲೆ 224ರ ಮೂರನೇ ಒಂದು 74.67. ಪರಿಷತ್ತು ಇವತ್ತಿಗೂ 75.

ಬೆಳವಲ
ಇದು ಯಾರೂ ಎತ್ತದ ಮಾತು. ಒಂದು ಸ್ಥಾನ ಹೆಚ್ಚು ಅಂತ ನನ್ನ ವಾದ.

ಕಲಂ 189
ಕಾಲು ಭಾಗವೋ ಮುಕ್ಕಾಲು ಭಾಗವೋ ಸದಸ್ಯ ಅಂತ ಇರೋಕಾಗಲ್ಲ, ಸರಿ. ಆದರೆ ‘ಮೀರಬಾರದು’ ಅನ್ನೋ ಕಡೆ ಮೇಲಕ್ಕೆ ತಗೊಳ್ಳೋದು ನನಗೂ ಸರಿ ಕಾಣೋದಿಲ್ಲ. ಸ್ಥಾನಗಳ ಹಂಚಿಕೆ ಇರೋದು 1950ರ ಜನಪ್ರಾತಿನಿಧ್ಯ ಕಾಯ್ದೆಯ ಅನುಸೂಚಿಯಲ್ಲಿ. ಬದಲಾಯಿಸಬೇಕು ಅಂದರೆ ಸಂಸತ್ತೇ ಬದಲಾಯಿಸಬೇಕು.

ಪಟಕ್ಕೆ ಹಂಚಿಕೆ ಬರಕೊಳ್ಳಿ: ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ರಾಜ್ಯಪಾಲರ ನಾಮನಿರ್ದೇಶನ 11. ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಜನ ನಿವೃತ್ತಿ.

ಹರಿಹರದ ಓದುಗ
2025ರ ಕೊನೆಗೆ ಪರಿಷತ್ತಿನ ಸಭಾಪತಿ ಬಸವರಾಜ ಹೊರಟ್ಟಿ ಅಂತ ಇದೆ. ಅವರು ಬಿಜೆಪಿ ಅಲ್ವಾ? ಸರ್ಕಾರ ಕಾಂಗ್ರೆಸ್‌ದು. ಇದು ತಪ್ಪಾಗಿ ಅಚ್ಚಾಗಿದೆಯಾ?

ಧಾರವಾಡ ಮಣ್ಣು
ತಪ್ಪಲ್ಲರೀ. ಹೊರಟ್ಟಿಯವರು ಸಭಾಪತಿ ಆಗಿದ್ದು 2022ರ ಡಿಸೆಂಬರ್ 21ಕ್ಕ, ಬಿಜೆಪಿ ಸರ್ಕಾರ ಇದ್ದಾಗ. ಸರ್ಕಾರ ಬದಲಾದ್ರ ಸಭಾಪತಿ ತಾನಾಗಿ ಇಳಿಯೂದಿಲ್ಲ. ಇಳಸಬೇಕಂದ್ರ 183ನೇ ವಿಧಿ ಪ್ರಕಾರ 14 ದಿನದ ನೋಟಿಸು ಕೊಡಬೇಕು, ಆಗಿನ ಒಟ್ಟು ಸದಸ್ಯರ ಬಹುಮತ ಬೇಕು. ಹಾಜರಿದ್ದವರ ಬಹುಮತ ಸಾಲೂದಿಲ್ಲ. 75 ಭರ್ತಿ ಇದ್ರ 38 ಕೈ. ಪರಿಷತ್ತು ವಿಸರ್ಜನೆ ಆಗೂದಿಲ್ಲ, ಹಂಗಾಗಿ ವಿಧಾನಸಭೆ ಗಾಳಿ ತಿರುಗಿದ ಮ್ಯಾಲೂ ಪರಿಷತ್ತಿನ ಬಲ ತಿರುಗಾಕ ವರ್ಷಗಟ್ಲೆ ಹಿಡೀತದ. ಹೊರಟ್ಟಿಯವರು ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಿಂದ ಗೆಲ್ತಾ ಬಂದವರು, 2022ರದ್ದು ಎಂಟನೇ ಸಲ. 2025ರ ಕೊನೆಗ ಉಪಸಭಾಪತಿ ಎಂ.ಕೆ. ಪ್ರಾಣೇಶ್. ಸಭಾನಾಯಕ ಎನ್.ಎಸ್. ಬೋಸರಾಜು. ಅಲ್ಲಿನ ವಿರೋಧ ಪಕ್ಷದ ನಾಯಕ ಛಲವಾದಿ ನಾರಾಯಣಸ್ವಾಮಿ, 2024ರ ಜುಲೈನಿಂದ. ಕೋಟ ಶ್ರೀನಿವಾಸ ಪೂಜಾರಿ ಲೋಕಸಭೆಗೆ ಹೋದ್ರಲ್ಲ, ಅವರ ಜಾಗಕ್ಕ.

ಕುಡ್ಲದ ಕಡಲು
ಎರಡು ಸದನದ ಬಲ ಬೇರೆ ಇದ್ದರೆ ಏನಾಗ್ತದೆ ಅನ್ನೋದಕ್ಕೆ 2024ರ ಫೆಬ್ರುವರಿಯ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ. ವಿಧಾನಸಭೆಯಲ್ಲಿ ಪಾಸು, 23ಕ್ಕೆ ಪರಿಷತ್ತಿನಲ್ಲಿ ಸೋಲು, 29ಕ್ಕೆ ವಿಧಾನಸಭೆಯಲ್ಲಿ ಮತ್ತೊಮ್ಮೆ ಪಾಸು. ಸಂಸತ್ತಿನ ಹಾಗೆ ಜಂಟಿ ಅಧಿವೇಶನ ರಾಜ್ಯದಲ್ಲಿ ಇಲ್ಲ. ಪರಿಷತ್ತು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೀಬಹುದು. ಧನ ಮಸೂದೆಯಾದರೆ (ಮನಿ ಬಿಲ್) 14 ದಿನ.

ನಂಜನಗೂಡು
ಗಂಗಾವತಿ ವಿಷಯ ಬಿಟ್ಟುಬಿಟ್ರಿ. ಒಂದು ತಿಂಗಳು ಆ ಸ್ಥಾನ ಖಾಲಿ ಅಂತ ಇತ್ತಲ್ಲ?

ಕಲಂ 189
ಒಳ್ಳೇದು ಮಾಡಿದ್ರಿ ನೆನಪಿಸಿ. ಗಣಿ ಪ್ರಕರಣದಲ್ಲಿ 2025ರ ಮೇ 6ಕ್ಕೆ ಹೈದರಾಬಾದ್ ನ್ಯಾಯಾಲಯ ಜನಾರ್ದನ ರೆಡ್ಡಿಯವರಿಗೆ ಏಳು ವರ್ಷ ಶಿಕ್ಷೆ ಕೊಟ್ಟಿತು. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ತೀರ್ಪಿನ ದಿನದಿಂದಲೇ ಅನರ್ಹತೆ. ಮೇಲ್ಮನವಿಗೆ ಮೂರು ತಿಂಗಳು ಕಾಯೋ ಅವಕಾಶವನ್ನು 2013ರ ಲಿಲಿ ಥಾಮಸ್ ತೀರ್ಪು ತೆಗೆದುಹಾಕಿದೆ. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟ ಮೇಲೆ ಶಾಸಕತ್ವ ಮರಳಿತು. ನಡುವಿನ ದಿನಗಳಲ್ಲಿ ಸಭೆ 223, ಬಿಜೆಪಿ 65. ಶಿಗ್ಗಾಂವಿ ಕಳಕೊಂಡು 65 ಆಯ್ತು ಅನ್ನೋ ಪಟ್ಟಿಗಳೂ ಇವೆ, ಅವು ಗಂಗಾವತಿಯನ್ನು ಇನ್ನೂ ಬೇರೆ ಸಾಲಲ್ಲಿ ಇಟ್ಟವು.

ಶರಾವತಿ
ಇಷ್ಟೆಲ್ಲ ಅಂಕಿ ಹಾಕಿ ಮಹಿಳೆಯರ ಸಾಲು ಯಾರೂ ಕೇಳಲಿಲ್ಲ. 224ರಲ್ಲಿ 2023ಕ್ಕೆ ಗೆದ್ದ ಹೆಣ್ಣುಮಕ್ಕಳು 10: ಕಾಂಗ್ರೆಸ್ 4, ಬಿಜೆಪಿ 3, ಜೆಡಿಎಸ್ 2, ಪಕ್ಷೇತರ 1. ಸಂಡೂರಿನಿಂದ ಅನ್ನಪೂರ್ಣ ತುಕಾರಾಂ ಬಂದ ಮೇಲೆ 11. ನೂರಕ್ಕೆ ಐದೂ ಇಲ್ಲ. 106ನೇ ತಿದ್ದುಪಡಿಯ ಮೂರನೇ ಒಂದು ಮೀಸಲಾತಿ ಬಂದರೆ 224ರಲ್ಲಿ ಸುಮಾರು 75 ಸ್ಥಾನ ಆಗಬೇಕು. ಆ ಪಟ ನೋಡೋ ಹುಡುಗಿಯರಿಗೆ ಈ ಸಾಲು ದಪ್ಪ ಅಕ್ಷರದಲ್ಲಿ ಕಾಣಲಿ.

ಹರಿಹರದ ಓದುಗ
ಖಂಡಿತ ಹಾಕ್ತೀನಿ ಅಕ್ಕ. ಈಗ ಹೀಗೆ ತಿದ್ದಿದೀನಿ:

2025 ಡಿಸೆಂಬರ್ 31ಕ್ಕೆ. ಒಟ್ಟು ಸ್ಥಾನ 224 (ಪರಿಶಿಷ್ಟ ಜಾತಿ ಮೀಸಲು 36, ಪಂಗಡ 15). ಕಾಂಗ್ರೆಸ್ 135. ಬಿಜೆಪಿ 66, ಇದರಲ್ಲಿ ಉಚ್ಚಾಟಿತರು 3. ಜೆಡಿಎಸ್ 18. ಸರ್ವೋದಯ 1. ಪಕ್ಷೇತರ 2. ಖಾಲಿ 2. ಬಹುಮತ 113.

ಕಲಂ 189
ಎಲ್ಲ ಸರಿ, ಕೊನೇದು ನೋಡಿ. ಖಾಲಿ 2 ಇದ್ದರೆ ಸಭೆ 222, ಬಹುಮತ 112. ‘ಭರ್ತಿ ಸಭೆಗೆ 113’ ಅಂತ ಬೇರೆ ಬರೀರಿ.

ಸುರಪುರ ಸೀಮೆ
ಮತ್ತ ಕ್ಷೇತ್ರದ ಹೆಸರು ಪಟ್ಟಿ ಹಾಕೂದಿದ್ರ, ಚುನಾವಣಾ ಆಯೋಗದ ಪಟ್ಟಿಯೊಳಗ ನಮ್ಮೂರು ‘ಶೋರಾಪುರ’ ಅಂತ ಇರ್ತದ. ಪಕ್ಕಕ್ಕ ಸುರಪುರ ಅಂತ ಬರೀರಿ, ಇಲ್ಲಾಂದ್ರ ಹುಡುಗ್ರು ಎರಡು ಊರು ಅಂತ ತಿಳಕೋತಾರ.

ಹರಿಹರದ ಓದುಗ
112 ತಿದ್ದಿದೆ. ಸುರಪುರ ಸೇರಿಸಿದೆ. ಖಾಲಿ ಎರಡು ಸ್ಥಾನದ ಪಕ್ಕ ಉಪಚುನಾವಣೆ ಫಲಿತಾಂಶಕ್ಕೆ ಒಂದು ಕಾಲಂ ಬಿಟ್ಟಿದೀನಿ. ಪರಿಷತ್ತಿನ ಪಕ್ಷವಾರು ಪಟ್ಟಿಗೆ ನಾಳೆ ಬೇರೆ ಚರ್ಚೆ ತೆರೀತೀನಿ, ಧಾರವಾಡದವರು ದಯವಿಟ್ಟು ಬರಬೇಕು.